ತಮ್ಮನ ಸಾಲ ತೀರಿಸಿದ ಮೂರು ಸಲ

ನನ್ನ ತಮ್ಮನ ಜೂಜಿನ ಸಾಲವನ್ನು ನಾನು ಮೂರು ಸಲ ತೀರಿಸಿದ್ದೇನೆ. 2011ರಲ್ಲಿ 38,000 ರೂಪಾಯಿ, 2017ರಲ್ಲಿ 1,65,000 ರೂಪಾಯಿ, 2021ರಲ್ಲಿ 4,20,000 ರೂಪಾಯಿ. ಮೂರು ಸಲವೂ ಅವನು ದೇವರ ಕೋಣೆಯ ಹೊಸ್ತಿಲ ಮೇಲೆ ನಿಂತು ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ, ಮೂರು ಸಲವೂ ನಾನು ನಂಬಿದೆ, ಮತ್ತು ಆ ಮೂರು ಸಲವೂ ಅವನು ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನಗೆ ಈಗ ತಿಳಿದಿದೆ. ಆಣೆ ಮಾಡುವ ಹೊತ್ತಿಗೆ ಅವನಿಗೂ ಅದು ನಿಜವೇ ಆಗಿತ್ತು. ಇದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ, ಮೊತ್ತ ಬೇಕಾದರೆ ಹಾಕು ಎಂದಿದ್ದಾನೆ.

ನಮ್ಮ ಮನೆ ಶಿರಸಿ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಒಂದೂವರೆ ಎಕರೆ ಅಡಿಕೆ ತೋಟವನ್ನು ತಮ್ಮ ನೋಡಿಕೊಂಡ, ನಾನು ನೌಕರಿಗಾಗಿ ಕಾರವಾರ ಸೇರಿದೆ. ತೋಟದ ಲೆಕ್ಕ, ಸೊಸೈಟಿಯ ಖಾತೆ, ಬೆಳೆಸಾಲ ಎಲ್ಲವೂ ಅವನ ಕೈಯಲ್ಲಿದ್ದವು. ಅಡಿಕೆ ಬೆಳೆಯುವವನಿಗೆ ಹಣ ಸಂಬಳದಂತೆ ತಿಂಗಳು ತಿಂಗಳಿಗೆ ಬರುವುದಿಲ್ಲ; ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿ, ವ್ಯಾಪಾರವಾದ ಮೇಲೆ ಒಟ್ಟಿಗೇ ಬರುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗೆ ಹೋಗುವವರ ಪಾಲೂ ಹೀಗೆಯೇ, ಮೀನು ಬಿದ್ದ ವಾರ ಕೈತುಂಬ, ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಬರಿಗೈ. ಇಂಥ ಆದಾಯಕ್ಕೂ ಓಸಿ ಚೀಟಿ ಬರೆಯುವವನಿಗೂ ಹಳೆಯ ನಂಟು. ಹಣ ಕೈಯಲ್ಲಿದ್ದಾಗ ಹೋದರೆ ಹೋಗಲಿ ಎಂದು ಆಡುತ್ತಾರೆ, ಇಲ್ಲದಾಗ ಬಂದರೆ ಬರಲಿ ಎಂದು ಆಡುತ್ತಾರೆ.

ಓಸಿ ಎಂದರೆ ಓಪನ್ ಮತ್ತು ಕ್ಲೋಸ್, ಎರಡು ಹೊತ್ತಿನಲ್ಲಿ ಬರುವ ಅಂಕಿಗಳ ಮೇಲೆ ಆಡುವ ಜೂಜು. ಮುಂಬಯಿಯಲ್ಲಿ 1960ರ ದಶಕದಲ್ಲಿ ಬೆಳೆದ ಮಟ್ಕಾದ ಕವಲು ಇದು. ಮೊದಲಿಗೆ ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುತ್ತಿದ್ದರು, ಆ ದರ ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತುವ ಪದ್ಧತಿ ಬಂತು. ಈಗ ಹತ್ತಿಯೂ ಇಲ್ಲ, ಮಡಕೆಯೂ ಇಲ್ಲ, ಸಂಖ್ಯೆ ಮಾತ್ರ ಉಳಿದಿದೆ. ಜಿಲ್ಲೆಯ ಪತ್ರಿಕೆಗಳ ಒಳಪುಟಗಳಲ್ಲಿ ಓಸಿ ಬರೆಯುತ್ತಿದ್ದವನ ಬಂಧನದ ಸುದ್ದಿ ಆಗಾಗ ನಾಲ್ಕು ಸಾಲಿನಲ್ಲಿ ಬರುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3) ಎಂಬ ಉಲ್ಲೇಖದ ಜೊತೆಗೆ, ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ನಂಬಿಸಿ ಹಣ ಸಂಗ್ರಹಿಸುತ್ತಿದ್ದ ಎಂಬ ವಾಕ್ಯವೂ ಅಲ್ಲಿ ಇರುತ್ತದೆ. ವ್ಯವಹಾರದ ಗುಟ್ಟೆಲ್ಲ ಆ ಒಂದು ವಾಕ್ಯದಲ್ಲಿದ್ದರೂ ಅದನ್ನು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಓಪನ್ ಮತ್ತು ಕ್ಲೋಸ್‌ನ ಒಂದೊಂದು ಅಂಕಿ ಸೇರಿ ಆಗುವ ಜೋಡಿ ಸಂಖ್ಯೆಗಳು 00ಯಿಂದ 99ರವರೆಗೆ ನೂರು. ಅಷ್ಟೂ ಸಂಖ್ಯೆಗಳ ಮೇಲೆ ಒಂದೊಂದು ರೂಪಾಯಿ ಹಾಕಿದರೆ ನೂರು ರೂಪಾಯಿ ಹೋಗುತ್ತದೆ, ಗೆದ್ದ ಒಂದು ಸಂಖ್ಯೆಗೆ ಎಂಬತ್ತು ಬರುತ್ತದೆ. ಅಂದರೆ ಯಾರು ಎಷ್ಟೇ ಜಾಣತನದಿಂದ ಸಂಖ್ಯೆ ಆರಿಸಿದರೂ, ಕನಸಿನಲ್ಲಿ ಕಂಡ ಹಾವಿಗೂ ಬಸ್ಸಿನ ನಂಬರಿಗೂ ಏನೇ ಅರ್ಥ ಹಚ್ಚಿದರೂ, ಸರಾಸರಿಯಲ್ಲಿ ನೂರಕ್ಕೆ ಇಪ್ಪತ್ತು ಆಡಿಸುವವನದು. ದಿನಕ್ಕೆ ಒಂದು ಜೋಡಿಯ ಮೇಲೆ ನೂರು ರೂಪಾಯಿಯಂತೆ ವರ್ಷದಲ್ಲಿ 300 ದಿನ ಆಡಿದವನು 30,000 ರೂಪಾಯಿ ಹಾಕುತ್ತಾನೆ, ಹೆಚ್ಚುಕಡಿಮೆ ಮೂರು ಸಲ ಅವನ ನಂಬರು ಹೊಡೆಯುತ್ತದೆ, ಮೂರು ಎಂಟು ಇಪ್ಪತ್ತನಾಲ್ಕು ಸಾವಿರ ಕೈಗೆ ಬರುತ್ತದೆ. ಊರಿಗೆ ಕಾಣುವುದು ಆ ಮೂರು ದಿನಗಳು ಮಾತ್ರ. ಆ ದಿನ ಅವನು ಮನೆಗೆ ಜಿಲೇಬಿ ತರುತ್ತಾನೆ, ಗೂಡಂಗಡಿಯಲ್ಲಿ ಎಲ್ಲರಿಗೂ ಚಹಾ ಹೇಳುತ್ತಾನೆ. ಉಳಿದ 297 ದಿನಗಳ ಸುದ್ದಿಯನ್ನು ಅವನು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನೂರು ದಿನ ಬಿಡದೆ ಒಂದೊಂದು ಜೋಡಿ ಹಾಕಿದರೂ ಒಮ್ಮೆಯೂ ಬಾರದೆ ಹೋಗುವ ಸಾಧ್ಯತೆ ನೂರಕ್ಕೆ ಮೂವತ್ತಾರಕ್ಕಿಂತ ಹೆಚ್ಚು ಎಂಬುದನ್ನು ತಮ್ಮನಿಗೆ ಒಂದು ಸಲ ಕಾಗದದ ಮೇಲೆ ಬರೆದು ತೋರಿಸಿದ್ದೆ. ಅವನು ಕಾಗದವನ್ನು ಗಮನವಿಟ್ಟು ನೋಡಿ, ಹಾಗಾದರೆ ನೂರೊಂದನೆಯ ದಿನ ಬರಲೇಬೇಕಲ್ಲ ಎಂದ.

ಇದು ದಡ್ಡತನವಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಚೆಂಡು ಸತತವಾಗಿ 26 ಸಲ ಕಪ್ಪಿನ ಮೇಲೆಯೇ ಬಿದ್ದಾಗ, ಮುಂದಿನದು ಕೆಂಪೇ ಎಂದು ನಂಬಿ ಬಾಜಿ ಏರಿಸುತ್ತ ಹೋಗಿ ಅಪಾರ ಹಣ ಕಳೆದುಕೊಂಡವರು ಸೂಟುಬೂಟಿನ ಯುರೋಪಿನ ಜನ. ಚೆಂಡಿಗೆ ನೆನಪಿಲ್ಲ, ಮನುಷ್ಯನಿಗೆ ಇದೆ. ಒಂದರಲ್ಲಿ ತಪ್ಪಿತು ಎಂಬ ಮಾತನ್ನು ನಮ್ಮೂರಿನ ಬಸ್ ತಂಗುದಾಣದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಕಿದ್ದು 46, ಬಂದಿದ್ದು 47. ಲೆಕ್ಕದ ಪ್ರಕಾರ 47ಕ್ಕೂ 91ಕ್ಕೂ ವ್ಯತ್ಯಾಸವಿಲ್ಲ, ಎರಡೂ ಸೋಲು; ಆದರೆ ಸ್ವಲ್ಪದರಲ್ಲಿ ತಪ್ಪಿದ ಸೋಲನ್ನು ಮಿದುಳು ಗೆಲುವಿನ ಹತ್ತಿರದ ನೆಂಟನಂತೆ ಸ್ವೀಕರಿಸುತ್ತದೆ ಎಂದು ಸಂಶೋಧಕರು ತೋರಿಸಿದ್ದಾರೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕಾಗಿ ಪ್ರಾಣಿ ಎಡೆಬಿಡದೆ ಗುಂಡಿ ಒತ್ತುತ್ತದೆ ಎಂಬುದನ್ನು ಬಿ. ಎಫ್. ಸ್ಕಿನ್ನರ್ ಪಾರಿವಾಳ ಮತ್ತು ಇಲಿಗಳ ಮೇಲೆ ಪ್ರಯೋಗ ಮಾಡಿ ಹೇಳಿ ಎಷ್ಟೋ ದಶಕಗಳಾದವು.

ಆದರೂ ಓಸಿಯ ಕಾಲದಲ್ಲಿ ಒಂದು ಪುಣ್ಯವಿತ್ತು, ಕಾಯಬೇಕಿತ್ತು. ಚೀಟಿ ಬರೆಸಿ ಓಪನ್ ಬರುವವರೆಗೆ, ಮತ್ತೆ ಕ್ಲೋಸ್ ಬರುವವರೆಗೆ ಗಂಟೆಗಟ್ಟಲೆ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ತೋಟಕ್ಕೆ ಹೋಗುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. 2020ರ ಲಾಕ್‌ಡೌನಿನಲ್ಲಿ ಅದೇ ಜೂಜು ಫೋನಿಗೆ ಬಂದಾಗ ಬಿಡುವು ಹೋಯಿತು. ರಮ್ಮಿಯ ಒಂದು ಕೈ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಕ್ರಿಕೆಟ್ಟಿನಲ್ಲಿ ಪ್ರತಿ ಓವರಿಗೆ, ಪ್ರತಿ ಚೆಂಡಿಗೆ ಬಾಜಿ. ಸೋತಷ್ಟನ್ನು ಮುಂದಿನ ಬಾಜಿಗೆ ದ್ವಿಗುಣ ಮಾಡುತ್ತ ಹೋದರೆ ಒಮ್ಮೆ ಗೆದ್ದರೂ ಹೋದದ್ದೆಲ್ಲ ಬರುತ್ತದೆ ಎಂಬ ಸೂತ್ರವನ್ನು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ನೂರು ರೂಪಾಯಿಯಿಂದ ಶುರುಮಾಡಿ ಸತತ ಹತ್ತು ಸಲ ಸೋತರೆ ಹೋಗುವುದು 1,02,300 ರೂಪಾಯಿ. ರಾತ್ರಿ ಎರಡು ಗಂಟೆಗೆ ಕಂಬಳಿಯೊಳಗೆ ಹತ್ತು ಸಲ ಸೋಲುವುದಕ್ಕೆ ಅರ್ಧ ಗಂಟೆ ಸಾಕು, ಮತ್ತು ಪಕ್ಕದಲ್ಲಿ ಮಲಗಿದ ಹೆಂಡತಿಗೆ ಅದರ ಸದ್ದು ಕೂಡ ಕೇಳಿಸುವುದಿಲ್ಲ. ಕುಡಿದು ಬಂದವನ ಬಾಯಿ ವಾಸನೆ ಬರುತ್ತದೆ. ಇದಕ್ಕೆ ಅದೂ ಇಲ್ಲ.

ಕಾನೂನು ಏನು ಮಾಡುತ್ತಿತ್ತು ಎಂದು ಕೇಳುವವರಿದ್ದಾರೆ. ಲಾಟರಿಯನ್ನು ನಮ್ಮ ರಾಜ್ಯ 2007ರಲ್ಲಿ ನಿಲ್ಲಿಸಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2021ರ ತಿದ್ದುಪಡಿಯ ಮೂಲಕ ನಿಷೇಧಿಸಲು ಹೊರಟಾಗ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ತಂದು, ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಕೋಟಿಯವರೆಗೆ ದಂಡ, ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು ಮತ್ತು 50 ಲಕ್ಷದವರೆಗೆ ದಂಡ ಎಂದಿತು. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಆದ್ದರಿಂದ ವೈದ್ಯರ ಬಳಿ ಹೋದರೆ ಪೊಲೀಸರಿಗೆ ಗೊತ್ತಾಗಬಹುದೆಂಬ ಹೆದರಿಕೆಗೆ ಕಾರಣವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಇನ್ನು ಕಾರವಾರದಲ್ಲಿರುವ ನಮಗೆ ಕಾನೂನು ಎನ್ನುವುದು ಮಾಜಾಳಿಯ ಗಡಿಯವರೆಗೆ ಮಾತ್ರ. ಅಲ್ಲಿಂದಾಚೆ ಗೋವಾ, ಅಲ್ಲಿ ಮಾಂಡೋವಿ ನದಿಯ ಮೇಲೆ ದೀಪ ಹಚ್ಚಿಕೊಂಡು ನಿಂತ ಹಡಗುಗಳು. ಗೋವಾ ಸರ್ಕಾರ 2020ರಿಂದ ತನ್ನ ಜನರಿಗೆ ಆ ಕ್ಯಾಸಿನೊಗಳ ಪ್ರವೇಶವನ್ನು ನಿರ್ಬಂಧಿಸಿದೆ, ನಮಗೆ ಸ್ವಾಗತವಿದೆ; ಯಾರ ಮನೆ ಮುಳುಗಬಾರದು ಎಂಬ ವಿಷಯದಲ್ಲಿ ಅವರಿಗೆ ಸ್ಪಷ್ಟತೆಯಿದೆ ಎಂದು ನಾನು ಅಂದುಕೊಳ್ಳುತ್ತೇನೆ. ತಮ್ಮ ಎರಡು ಸಲ ಹೋಗಿದ್ದ. ಒಂದೇ ಸೊನ್ನೆಯಿರುವ ರೂಲೆಟ್ ಚಕ್ರದಲ್ಲಿ 37 ಮನೆಗಳಿದ್ದು ಗೆದ್ದವನಿಗೆ ಮೂವತ್ತೈದು ಪಟ್ಟು ಕೊಡುವುದರಿಂದ ಆಡಿಸುವವನ ಪಾಲು ನೂರಕ್ಕೆ 2.7 ಮಾತ್ರ, ಓಸಿಯವನ ಇಪ್ಪತ್ತಕ್ಕೆ ಹೋಲಿಸಿದರೆ ಧರ್ಮಾತ್ಮರೇ ಸರಿ. ಆದರೆ ಚಕ್ರ ರಾತ್ರಿಯಿಡೀ ತಿರುಗುತ್ತದೆ.

ಜವಾಬ್ದಾರಿಯಿಂದ ಆಡಿ ಎಂಬ ಮಾತು ಇಲ್ಲಿ ಬರುತ್ತದೆ. ಕಳೆದುಕೊಂಡರೂ ಚಿಂತೆಯಿಲ್ಲದಷ್ಟು ಹಣವನ್ನು ಮೊದಲೇ ಎತ್ತಿಡಿ, ಸಮಯಕ್ಕೆ ಮಿತಿ ಹಾಕಿ, ಸಾಲ ಮಾಡಿ ಆಡಬೇಡಿ, ಕುಡಿದಾಗ ಅಥವಾ ಮನಸ್ಸು ಕೆಟ್ಟಾಗ ಆಡಬೇಡಿ, ಹೋದದ್ದನ್ನು ತೆಗೆಯಲು ಆಡಬೇಡಿ. ಒಂದೊಂದೂ ಒಳ್ಳೆಯ ನಿಯಮವೇ. ದೀಪಾವಳಿಯ ರಾತ್ರಿ ಜಗಲಿಯಲ್ಲಿ ಕುಳಿತು ಭಾವ, ಅಳಿಯಂದಿರ ಜೊತೆ ಇಸ್ಪೀಟು ಆಡಿ, ಇನ್ನೂರು ರೂಪಾಯಿ ಸೋತು, ನಗುತ್ತ ಎದ್ದು ಹೋಗುವ ನನ್ನಂಥವನಿಗೆ ಇವು ಸಾಕು. ತೊಂದರೆಯೆಂದರೆ, ಇವನ್ನು ಪಾಲಿಸಬಲ್ಲವನಿಗೆ ಇವು ಬೇಕಾಗಿಲ್ಲ, ಬೇಕಾದವನಿಗೆ ಪಾಲಿಸಲು ಬರುವುದಿಲ್ಲ. ಮಿತಿಯನ್ನು ಆಡುವವನ ಕೈಯಲ್ಲೇ ಬಿಡದ ದೇಶಗಳೂ ಇವೆ: ಸಿಂಗಪುರದಲ್ಲಿ ತನ್ನ ನಾಗರಿಕನೊಬ್ಬ ಕ್ಯಾಸಿನೊ ಹೊಕ್ಕರೆ ಒಂದು ದಿನಕ್ಕೆ 150 ಡಾಲರ್ ಪ್ರವೇಶ ಸುಂಕ ಕಟ್ಟಬೇಕು, ಮನೆಯವರು ಅರ್ಜಿ ಹಾಕಿ ಅವನನ್ನು ಒಳಗೆ ಬಿಡದಂತೆ ಆದೇಶ ತರಬಹುದು, ಬ್ರಿಟನ್ನಿನಲ್ಲಿ 2020ರಿಂದ ಕ್ರೆಡಿಟ್ ಕಾರ್ಡಿನ ಹಣದಲ್ಲಿ ಜೂಜಾಡುವಂತಿಲ್ಲ. ನಮ್ಮ ಟೀ ಅಂಗಡಿಯ ಓಸಿಗಾಗಲಿ, ಯಾವುದೋ ಲಿಂಕಿನ ಮೂಲಕ ಬರುವ ವಿದೇಶಿ ಬೆಟ್ಟಿಂಗ್ ತಾಣಕ್ಕಾಗಲಿ ಅಂಥ ಬಾಗಿಲೇ ಇಲ್ಲ, ಇನ್ನು ಕಾಯುವವನೆಲ್ಲಿ.

2023ರ ಮೇ ತಿಂಗಳು, ಐಪಿಎಲ್ ನಡೆಯುತ್ತಿತ್ತು. ತಮ್ಮ ಎರಡು ದಿನ ಮನೆಗೆ ಬರಲಿಲ್ಲ, ಫೋನು ಸ್ವಿಚ್ ಆಫ್ ಆಗಿತ್ತು. ಅವನ ಹೆಂಡತಿಗೆ ಸಿಕ್ಕಿದ ಒಂದು ಡೈರಿಯಲ್ಲಿ ಆರು ಸಾಲದ ಆ್ಯಪುಗಳ ಹೆಸರು, ಇಬ್ಬರು ಕೈಗಡ ಕೊಟ್ಟವರ ಹೆಸರು, ಒತ್ತೆಯಿಟ್ಟ ಸರದ ಚೀಟಿ. ಒಟ್ಟು ಆರು ಲಕ್ಷಕ್ಕೂ ಮೇಲೆ. ಆಗ ನನಗೆ ಹಣದ ಯೋಚನೆ ಬರಲಿಲ್ಲ, ಬೇರೆ ಹೆದರಿಕೆ ಬಂತು. ಜೂಜಿನ ಚಟಕ್ಕೆ ಚಿಕಿತ್ಸೆ ಪಡೆಯುವವರಲ್ಲಿ ಅರ್ಧದಷ್ಟು ಮಂದಿಯವರೆಗೆ ಸಾಯುವ ಯೋಚನೆ ಬಂದಿರುತ್ತದೆ ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ ಹೇಳುತ್ತದೆ ಎಂಬುದನ್ನು ನಾನು ಓದಿದ್ದು ಆಮೇಲೆ, ಹೆದರಿಕೆಗೆ ಅದನ್ನು ಓದಿರಬೇಕೆಂದೇನೂ ಇಲ್ಲ. ಪೊಲೀಸ್ ಠಾಣೆಗೆ ಹೇಳಿದೆವು. ಅದೇ ರಾತ್ರಿ ನಾನು ಕಾರವಾರದ ಮನೆಯಿಂದ 14416ಕ್ಕೆ ಕರೆ ಮಾಡಿದೆ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ರೋಗಿಯೇ ಕರೆ ಮಾಡಬೇಕು ಎಂದು ನಾನು ತಿಳಿದಿದ್ದೆ. ಹಾಗಿಲ್ಲ, ಮನೆಯವರೂ ಮಾಡಬಹುದು. ಆ ಕಡೆಯ ಹೆಣ್ಣುಮಗಳು ನನ್ನನ್ನು ಅಳಲು ಬಿಟ್ಟಳು, ಆಮೇಲೆ ಒಂದು ಮಾತು ಹೇಳಿದಳು: ಅವರು ಸಿಕ್ಕಿದ ಕೂಡಲೇ ಎಷ್ಟು ಸಾಲ ಎಂದು ಕೇಳಬೇಡಿ, ಊಟ ಆಯಿತೇ ಎಂದು ಕೇಳಿ, ಮತ್ತು ಸಾಯಬೇಕು ಅನ್ನಿಸಿತ್ತೇ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ, ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಮರುದಿನ ಅವನು ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಊಟ ಮಾಡಿರಲಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಯಾವ ಮಂಗಳವಾರ ಯಾವ ತಾಲ್ಲೂಕು ಎಂಬುದನ್ನು ಮುಂಚಿತವಾಗಿ ಕೇಳಿಕೊಂಡು ಹೋಗಬೇಕು. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವೇ ಇದೆ. ಫೋನಿನಲ್ಲಿ ಸಿಕ್ಕಿಬಿದ್ದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಶಟ್ ಎಂಬ ಪ್ರತ್ಯೇಕ ಕ್ಲಿನಿಕ್ ನಡೆಸುತ್ತಿದೆ, ಅಷ್ಟು ದೂರ ಹೋಗುವ ಅಗತ್ಯ ನಮಗೆ ಬರಲಿಲ್ಲ. ಒಂದು ಮಂಗಳವಾರ ಔಷಧದ ವಾಸನೆಯ ಕಾರಿಡಾರಿನಲ್ಲಿ ಸರದಿ ಕಾದು ನಾವು ಮೂವರು ಒಳಗೆ ಹೋದೆವು. ವೈದ್ಯರು ಬೈಯಲಿಲ್ಲ. ಇದು ರೋಗಗಳ ಪಟ್ಟಿಯಲ್ಲಿ ಇರುವ ರೋಗ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆನ್‌ಲೈನ್ ಜೂಜಿಗೇ ಬೇರೆ ಉಪವಿಭಾಗವಿದೆ ಎಂದರು. ಆಮೇಲೆ ಒಂಬತ್ತು ವಿಷಯಗಳನ್ನು ಒಂದೊಂದಾಗಿ ಕೇಳಿದರು. ಒಂದು ವರ್ಷದೊಳಗೆ ನಾಲ್ಕಕ್ಕೆ ಹೌದು ಎಂದರೆ ಕಾಯಿಲೆ ಎಂದು ಲೆಕ್ಕ.

ಮೊದಲಿನಷ್ಟೇ ಸುಖ ಸಿಗಲು ಹೆಚ್ಚು ಹೆಚ್ಚು ಹಣ ಬೇಕಾಗುತ್ತಿದೆಯೇ, ನಿಲ್ಲಿಸಲು ಹೋದಾಗ ಚಡಪಡಿಕೆಯೇ, ನಿಲ್ಲಿಸಲು ಯತ್ನಿಸಿ ಮತ್ತೆ ಮತ್ತೆ ಸೋತದ್ದುಂಟೇ, ಸದಾ ಅದರದೇ ಯೋಚನೆಯೇ, ಬೇಸರವಾದಾಗ ಆಡುತ್ತೀರಾ, ಸೋತದ್ದನ್ನು ತೆಗೆಯಲು ಮರುದಿನ ಮತ್ತೆ ಹೋಗುತ್ತೀರಾ, ಎಷ್ಟು ಆಡಿದಿರೆಂದು ಸುಳ್ಳು ಹೇಳುತ್ತೀರಾ, ಇದರಿಂದ ಸಂಬಂಧವೋ ಕೆಲಸವೋ ಕೆಟ್ಟಿದೆಯೇ. ತಮ್ಮ ಎಲ್ಲದಕ್ಕೂ ತಲೆ ಆಡಿಸುತ್ತ ಹೋದ. ನಾನು ಪಕ್ಕದಲ್ಲಿ ಕುಳಿತು, ನೋಡಿದಿಯಾ ಎಂಬ ಮುಖ ಮಾಡಿಕೊಂಡಿದ್ದಿರಬೇಕು. ಒಂಬತ್ತನೆಯದು, ಜೂಜಿನಿಂದ ಹಣಕಾಸು ಕುಸಿದಾಗ ಅದರಿಂದ ಪಾರಾಗಲು ಬೇರೆಯವರು ಹಣ ಕೊಡುವುದನ್ನು ನೆಚ್ಚಿಕೊಂಡಿದ್ದೀರಾ ಎಂಬುದು. ತಮ್ಮ ತಲೆ ತಗ್ಗಿಸಿ ನನ್ನ ಕಡೆ ಕೈ ತೋರಿಸಿದ. ಇಷ್ಟು ವರ್ಷ ನಾನು ಔಷಧವೆಂದು ಕೊಟ್ಟದ್ದು ರೋಗದ ಲಕ್ಷಣಗಳ ಪಟ್ಟಿಯಲ್ಲಿತ್ತು.

ವೈದ್ಯರು ಅದನ್ನು ಬಿಡಿಸಿ ಹೇಳಿದರು. ಸೋಲಿನ ನೋವು ಪೂರ್ತಿಯಾಗಿ ತಗಲುವ ಮೊದಲೇ ಯಾರಾದರೂ ಸಾಲ ತೀರಿಸಿದರೆ, ಆಡುವವನ ಮನಸ್ಸಿನಲ್ಲಿ ಅದು ದೊಡ್ಡ ಗೆಲುವಿನ ಹಾಗೆಯೇ ದಾಖಲಾಗುತ್ತದೆ, ಮುಂದಿನ ಸಲವೂ ಕೊನೆಗೆ ಏನೋ ಒಂದು ಆಗುತ್ತದೆ ಎಂಬ ನಂಬಿಕೆ ಬಲಿಯುತ್ತದೆ. ಮೂರು ಸಲದ ಮೊತ್ತಗಳನ್ನು ಮೇಲೆ ಬರೆದಿದ್ದೇನೆ, ಅವು ಹೇಗೆ ಏರಿವೆ ನೋಡಿ. ಕೊಟ್ಟದ್ದು ತಮ್ಮನ ಮೇಲಿನ ಪ್ರೀತಿಗೆ ಎಂದು ಹೇಳಿಕೊಳ್ಳುತ್ತಿದ್ದೆ. ಊರಿನಲ್ಲಿ ಮನೆತನದ ಹೆಸರು ಕೆಡಬಾರದು, ಕೈಗಡ ಕೊಟ್ಟವನು ದೇವಸ್ಥಾನದ ಅಂಗಳದಲ್ಲಿ ಬಾಯಿ ಬಿಡಬಾರದು ಎಂಬ ಅವಸರ ಅದರಲ್ಲಿ ಎಷ್ಟು ಪಾಲು ಇತ್ತೋ ಹೇಳಲಾರೆ. ಅರ್ಧಕ್ಕಿಂತ ಹೆಚ್ಚಿತ್ತು.

ಚಿಕಿತ್ಸೆ ಎಂದರೆ ಮುಖ್ಯವಾಗಿ ಮಾತು. ಆಡಬೇಕೆನ್ನಿಸುವ ಹೊತ್ತು, ಜಾಗ, ಜೊತೆ ಯಾವುದು ಎಂದು ಬರೆದಿಡುವುದು, ಬರಲೇಬೇಕು ಎಂಬಂಥ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡುವುದು, ತುಡಿತ ಬಂದಾಗ ಇಪ್ಪತ್ತು ನಿಮಿಷ ಬೇರೆ ಕೆಲಸದಲ್ಲಿ ಕಳೆಯುವುದು. ಜೂಜಿಗೆಂದೇ ಅನುಮೋದನೆ ಪಡೆದ ಮಾತ್ರೆ ಇಲ್ಲ. ಕೆಲವರಿಗೆ ನಾಲ್ಟ್ರೆಕ್ಸೋನ್ ಕೊಡುತ್ತಾರೆ, ತಮ್ಮನಿಗೆ ಖಿನ್ನತೆಗೆ ಮಾತ್ರೆ ಕೊಟ್ಟರು. ನಾನು ಅಲ್ಲಿ ತಿಳಿದುಕೊಂಡ ಇನ್ನೊಂದು ಸಂಗತಿ: ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್‌ನಂಥ ಕೆಲವು ಮಾತ್ರೆಗಳಿಂದ, ಜೀವಮಾನದಲ್ಲಿ ಇಸ್ಪೀಟು ಮುಟ್ಟದ ವೃದ್ಧರಿಗೂ ಜೂಜಿನ ಹುಚ್ಚು ಹಿಡಿಯಬಹುದು, ವೈದ್ಯರು ಮಾತ್ರೆ ಬದಲಿಸಿದರೆ ಹೆಚ್ಚಾಗಿ ಬಿಟ್ಟೂ ಹೋಗುತ್ತದೆ. ಜೂಜುಕೋರನನ್ನು ಶೀಲಗೆಟ್ಟವನೆಂದು ಕರೆಯುವ ನಮ್ಮ ಅಭ್ಯಾಸದ ಬಗ್ಗೆ ಅಂದಿನಿಂದ ನನಗೆ ಅನುಮಾನ ಬಂದಿದೆ.

ಹಣದ ಏರ್ಪಾಡು ಬದಲಾಯಿತು. ಸೊಸೈಟಿಯ ಖಾತೆಗೆ ಈಗ ತಮ್ಮ ಮತ್ತು ಅವನ ಹೆಂಡತಿ ಇಬ್ಬರ ಸಹಿ ಬೇಕು. ಅವನ ಫೋನು ಗುಂಡಿ ಒತ್ತುವ ಹಳೆಯ ಮಾದರಿಯದು, ಯುಪಿಐ ಇಲ್ಲ. ಪೇಟೆಗೆ ಹೋದರೆ ಬಸ್ಸಿನ ಹಣ ಮತ್ತು ಚಹಾದ ಹಣ. ಎಲ್ಲ ಸಾಲಗಳನ್ನೂ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಬರೆದೆವು, ಒಂದನ್ನೂ ಮುಚ್ಚಿಡಬಾರದೆಂಬುದು ಷರತ್ತು. ಓಸಿಯವನ ಬಾಕಿಯನ್ನು ಹೊಡೆದು ಹಾಕಿದೆವು: 1872ರ ಕರಾರು ಕಾಯ್ದೆಯ ಕಲಂ 30ರ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ, ಗೆದ್ದ ಹಣಕ್ಕಾಗಿ ಕೋರ್ಟಿಗೆ ಹೋಗುವಂತಿಲ್ಲ. ಸಾಲದ ಆ್ಯಪಿನವರು ಸಂಬಂಧಿಕರಿಗೆಲ್ಲ ಫೋನ್ ಮಾಡಿ ಹೆದರಿಸಿದಾಗ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಟ್ಟು ಸಂದೇಶಗಳನ್ನೆಲ್ಲ ಉಳಿಸಿಟ್ಟುಕೊಂಡೆವು. ಉಳಿದ ನ್ಯಾಯವಾದ ಸಾಲಕ್ಕೆ ಕಂತು ಕಟ್ಟುವವನು ಅವನೇ, ತೋಟದ ಅವನ ಪಾಲಿನಿಂದ. ನಾನು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಬ್ಯಾಂಕಿನಲ್ಲಿ ನನ್ನ ಹಣವಿತ್ತು, ತೀರಿಸಬಹುದಿತ್ತು, ನಾಲ್ಕನೆಯ ಸಲ ಕೈ ಕಟ್ಟಿ ಕುಳಿತುಕೊಳ್ಳುವುದು ಮೊದಲ ಮೂರು ಸಲ ಕೊಟ್ಟದ್ದಕ್ಕಿಂತ ಕಷ್ಟವಾಯಿತು.

ಒಮ್ಮೆ ಜಾರಿದ್ದಾನೆ. ಮಾರಿಕಾಂಬಾ ಜಾತ್ರೆಗೆ ಹೋದವನು ಪೇಟೆಯಲ್ಲಿ ಹಳೆಯ ಗೆಳೆಯನೊಬ್ಬ ಸಿಕ್ಕಿ 300 ರೂಪಾಯಿಯ ಓಸಿ ಬರೆಸಿದ. ಆ ರಾತ್ರಿಯೇ ಹೆಂಡತಿಗೆ ಹೇಳಿದ, ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದ, ಮುಂದಿನ ಮಂಗಳವಾರ ವೈದ್ಯರಿಗೂ ಹೇಳಿದ. ಮೊದಲೆಲ್ಲ ಸಾಲ ಸಾವಿರ, ಲಕ್ಷಗಳಾದ ಮೇಲೆ ನಮಗೆ ತಿಳಿಯುತ್ತಿತ್ತು, ಈ ಸಲ ಮುನ್ನೂರಕ್ಕೇ ತಿಳಿಯಿತು.

ಆಯಿಗೆ, ಅಂದರೆ ನಮ್ಮ ತಾಯಿಗೆ, ಎಂಬತ್ತೊಂದು ವರ್ಷ. ಅವಳಿಗೆ ಈ ಏರ್ಪಾಡು ಇನ್ನೂ ಒಪ್ಪಿಗೆಯಾಗಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಹಿತ್ತಿಲ ಕಡೆ ಕರೆದು, ಎಷ್ಟು ಉಳಿದಿದೆ, ಈ ಎರಡು ಬಳೆ ಕೊಟ್ಟರೆ ಮುಗಿಯುವುದಿಲ್ಲವೇ ಎಂದು ಕೇಳುತ್ತಾಳೆ. ಕಳೆದ ದೀಪಾವಳಿಗೂ ಕೇಳಿದಳು. ತಮ್ಮ ಅಲ್ಲೇ ಗೋಗ್ರಾಸಕ್ಕೆ ಕಡುಬು ಎತ್ತಿಡುತ್ತಿದ್ದವನು ತಿರುಗಿ ನೋಡದೆಯೇ, ಬೇಡ ಆಯಿ, ಇನ್ನು ಹದಿನಾಲ್ಕು ಕಂತು ಎಂದ.